ನಕ್ಷತ್ರವಿಲ್ಲದ ಕಾಲಂಗಳು

ಅಚ್ಚುಕಟ್ಟು ಒಳ್ಳೆಯ ಗುಣ ಎಂದು ಶಾಲೆಯಲ್ಲಿ ಹೇಳಿಕೊಟ್ಟವರ ಮೇಲೆ ನನಗೆ ಈಗ ಸಿಟ್ಟಿದೆ. ಅಚ್ಚುಕಟ್ಟಿಲ್ಲದವರನ್ನು ನೋಡಿ, ಎಷ್ಟು ಸುಖವಾಗಿದ್ದಾರೆ! ಅವರ ಕಾಗದಪತ್ರ ಅವರಿಗೇ ಸಿಗುವುದಿಲ್ಲ, ಇನ್ನು ಕಳ್ಳನಿಗೆ ಎಲ್ಲಿಂದ ಸಿಗಬೇಕು? ನಮ್ಮಪ್ಪನನ್ನೇ ತೆಗೆದುಕೊಳ್ಳಿ. ಶಿಕಾರಿಪುರದಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವರದು. ಅವರ ಪ್ಯಾನ್ ಕಾರ್ಡು ಯಾವುದೋ ಮೋಟರಿನ ಅಡಿ ಸೇರಿದ್ದು ಇನ್ನೂ ಹೊರಗೆ ಬಂದಿಲ್ಲ. ಆಧಾರ್ ಕಾರ್ಡಿನಲ್ಲಿರುವ ಫೋಟೋ ಗ್ರೀಸಿನ ಕೆಳಗೆ ಯಾರದ್ದೆಂದು ಹೇಳುವಂತಿಲ್ಲ. ಅವರ ಹೆಸರಿನಲ್ಲಿ ಇವತ್ತಿನವರೆಗೆ ಒಂದೇ ಒಂದು ಮೋಸ ನಡೆದಿಲ್ಲ.

ನಾನು ಹಾಗಲ್ಲ. ನಾನು ದಿನಚರಿ ಬರೆಯುವವಳು. ದಿನಕ್ಕೊಂದು ಪುಟ, ಮೇಲೆ ತಾರೀಕು, ವಾರ. ಬಸ್ಸು ಎಷ್ಟು ತಡವಾಯಿತು, ಛತ್ರಿ ಎಲ್ಲಿ ಮರೆತೆ, 'ಮದುವೆ ಯಾವಾಗ' ಎಂದು ಯಾರು ಕೇಳಿದರು, ಎಲ್ಲಕ್ಕೂ ಲೆಕ್ಕವುಂಟು. ಒಂದು ಸಲಕ್ಕೆ ಒಂದು ಗೆರೆ, ಐದನೆಯದು ಅಡ್ಡಗೆರೆ. ಮದುವೆಯ ಪ್ರಶ್ನೆಗೆ ಮಾತ್ರ ಬೇರೆ ಪುಟವನ್ನೇ ಇಟ್ಟಿದ್ದೇನೆ. ಅದನ್ನು ದೂರದಿಂದ ನೋಡಿದರೆ ಬೇಲಿ ಹಾಕಿದ ಹಾಗೆ ಕಾಣುತ್ತದೆ.

ಉದ್ಯೋಗವೂ ಅಂಥದ್ದೇ ಸಿಕ್ಕಿದೆ. ದಿನಾ ಶಿರಾಳಕೊಪ್ಪದ ಮೇಲೆ ಹಾದು ಸೊರಬಕ್ಕೆ ಹೋಗಿ, ಅಲ್ಲೊಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೂರುತ್ತೇನೆ. ಬಂದವರ ಹೆಸರು, ವಯಸ್ಸು ಕೇಳಿ, ಚೀಟಿ ಬರೆದು, ರಕ್ತದ ಟ್ಯೂಬಿಗೆ ಅಂಟಿಸುವುದು ನನ್ನ ಕೆಲಸ. ಟ್ಯೂಬಿನೊಳಗಿನ ರಕ್ತ ಎಲ್ಲರದ್ದೂ ಒಂದೇ ಬಣ್ಣ. ಚೀಟಿ ಅದಲುಬದಲಾದರೆ ಚಂದ್ರಗುತ್ತಿಯವರ ಸಕ್ಕರೆ ಕಾಯಿಲೆ ಕ್ಯಾಸನೂರಿನವರಿಗೆ ಬರುತ್ತದೆ. ಈವರೆಗೆ ನಾನು ಒಬ್ಬರ ರಕ್ತವನ್ನೂ ಇನ್ನೊಬ್ಬರ ಹೆಸರಿಗೆ ಬರೆದಿಲ್ಲ. ನನ್ನ ಹೆಸರಿನ ಚೀಟಿಯನ್ನು ಮಾತ್ರ ಯಾರೋ ಕಿತ್ತು ಎಲ್ಲಿಗೋ ಅಂಟಿಸಿದರು. ಅದೂ ಕಿತ್ತುಕೊಂಡದ್ದಲ್ಲ, ನಾನೇ ಬಿಡಿಸಿ, ಗೋಂದು ಹಚ್ಚಿ ಕೈಗೆ ಕೊಟ್ಟದ್ದು.

ಇದಕ್ಕೆಲ್ಲ ಮೂಲ ನನ್ನ ನಕ್ಷತ್ರ. ಅಂದರೆ ಅಕ್ಷರಶಃ ಮೂಲಾ ನಕ್ಷತ್ರವೇ. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗಿಬರುವುದಿಲ್ಲ ಎಂಬುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ನೋಡಲು ಬಂದವರೆಲ್ಲ ಅವಲಕ್ಕಿ ತಿಂದು, 'ಹುಡುಗಿ ಲಕ್ಷಣವಾಗಿದ್ದಾಳೆ' ಎಂದು ಹೇಳಿ, ಜಾತಕ ನೋಡಿ ಎದ್ದು ಹೋಗುತ್ತಿದ್ದರು. ಸೊರಬದಲ್ಲಿರುವ ಅತ್ತೆ, ಅಂದರೆ ಅಪ್ಪನ ಅಕ್ಕ, ಕಡೆಗೆ ಒಂದು ದಾರಿ ಹುಡುಕಿದಳು. ವಾಟ್ಸಾಪ್ ಗುಂಪೊಂದರಲ್ಲಿ ಅವಳಿಗೆ ವಧುವರರ ನೋಂದಣಿಯ ಒಂದು ಲಿಂಕ್ ಬಂದಿತ್ತು.

"ಇಲ್ಲಿ ನಕ್ಷತ್ರ ಗಿಕ್ಷತ್ರ ಕೇಳಲ್ಲ ಮಾರಾಯ್ತಿ. ಎಲ್ಲ ಓದಿದೋರೆ ಇರೋದು. ನೀ ಸುಮ್ನೆ ತುಂಬು," ಅಂದಳು.

ಅತ್ತೆ ಹೇಳಿದ್ದು ಸುಳ್ಳು. ಆ ಅರ್ಜಿಯ ತುಂಬ ನಕ್ಷತ್ರಗಳೇ ಇದ್ದವು, ಕೆಂಪುನಕ್ಷತ್ರಗಳು. ನೀವು ನೋಡಿರುತ್ತೀರಿ: ಕಡ್ಡಾಯವಾಗಿ ತುಂಬಬೇಕಾದ ಕಾಲಂ ಪಕ್ಕ ಒಂದು ಪುಟ್ಟ ಕೆಂಪು ನಕ್ಷತ್ರ ಇರುತ್ತದೆ. ಅದಿಲ್ಲದ ಕಡೆ ಖಾಲಿ ಬಿಡಬಹುದು. ಬುದ್ಧಿ ಇದ್ದವರೆಲ್ಲ ಖಾಲಿ ಬಿಡುತ್ತಾರೆ. ನನಗೆ ಆಗುವುದಿಲ್ಲ. ಖಾಲಿ ಕಾಲಂ ಕಂಡರೆ ಹಲ್ಲು ಬಿದ್ದ ಬಾಯಿ ಕಂಡ ಹಾಗಾಗುತ್ತದೆ. ಹೆಸರು, ಜನ್ಮದಿನಾಂಕ, ಫೋನ್ ನಂಬರಿಗೆ ನಕ್ಷತ್ರ ಇತ್ತು, ತುಂಬಿದೆ. ಆಧಾರ್, ಪ್ಯಾನ್, ಮನೆಯ ಕರೆಂಟ್ ಬಿಲ್ಲು, ಸಹಿಯ ಮಾದರಿ, ಆಧಾರ್ ಕಾರ್ಡನ್ನು ಕೆನ್ನೆಯ ಪಕ್ಕ ಹಿಡಿದ ಫೋಟೋ, ಇವುಗಳಿಗೆ ನಕ್ಷತ್ರ ಇರಲಿಲ್ಲ. 'ನಕಲಿ ವರರಿಂದ ನಿಮ್ಮ ರಕ್ಷಣೆಗಾಗಿ, ಇಷ್ಟವಿದ್ದರೆ ಮಾತ್ರ' ಎಂದು ಬರೆದಿತ್ತು. ನನಗೆ ಇಷ್ಟವಿತ್ತು. ಫೋಟೋದಲ್ಲಿ ಕಾರ್ಡು ಸ್ವಲ್ಪ ಓರೆಯಾಗಿ ಬಂದಿತ್ತೆಂದು ಎರಡನೆಯ ಸಲ ತೆಗೆದೆ.

ನನ್ನ ಜೊತೆ ಲ್ಯಾಬಿನಲ್ಲಿ ರಕ್ತ ತೆಗೆಯುವ ಸಲ್ಮಾ ಇದನ್ನು ನೋಡುತ್ತಿದ್ದಳು. ಅವಳು ಸೊರಬದವಳೇ, ಅವರದು ಬಟ್ಟೆ ವ್ಯಾಪಾರದ ಮನೆತನ, ಸುಮ್ಮಸುಮ್ಮನೆ ಯಾರನ್ನೂ ನಂಬುವವಳಲ್ಲ.

"ಅಲ್ವೇ, ಹುಡುಗ ಬೇಕಾಗಿರೋದು ನಿಂಗೆ. ಪ್ಯಾನ್ ಕಾರ್ಡ್ ಯಾಕೆ ಅವ್ರಿಗೆ? ಇನ್‌ಕಂ ಟ್ಯಾಕ್ಸ್ ಆಫೀಸರ್ ಮಗನ್ನ ತೋರಿಸ್ತಾರಂತಾ?"

"ಸೇಫ್ಟಿಗೆ ಕಣೇ," ಅಂದೆ.

ಮರುದಿನವೇ ಫೋನ್ ಬಂತು. ಎಷ್ಟು ವಿನಯದ ಗಂಡು ದನಿ! ಪರಿಶೀಲನೆಗೆಂದು ಒಂದು ಸಂಖ್ಯೆ ಬರುತ್ತದೆ, ಓದಿ ಹೇಳಿ ಅಂದರು. ಲ್ಯಾಬಿನ ಶಿಸ್ತು ನೋಡಿ, ಒಂದು ಸಲ ಹೇಳಿ ಬಿಡಲಿಲ್ಲ, ತಪ್ಪು ಕೇಳಿಸಿರಬಾರದೆಂದು ಬಿಡಿಬಿಡಿಯಾಗಿ ಇನ್ನೊಂದು ಸಲ ಓದಿದೆ. "ಇಷ್ಟು ಪೂರ್ತಿಯಾಗಿ ತುಂಬಿದೋರನ್ನ ನಾವು ನೋಡೇ ಇಲ್ಲ ಮೇಡಂ," ಅಂದರು ಅವರು. ನನ್ನ ಅಚ್ಚುಕಟ್ಟನ್ನು ಒಬ್ಬ ಗಂಡಸು ಹೊಗಳಿದ್ದು ಅದೇ ಮೊದಲು. ಆ ವಾಕ್ಯವನ್ನು ದಿನಚರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಈಗ ಹರಿದುಹಾಕೋಣವೆಂದರೆ ಪುಟಗಳ ಕ್ರಮ ಕೆಡುತ್ತದೆ.

ವರ ಯಾರೂ ಬರಲಿಲ್ಲ. ಕೆಲವು ತಿಂಗಳಾಯಿತು, ನಾನೂ ಮರೆತೆ. ಮನೆಯಲ್ಲಿ ಮರೆಯುವುದಕ್ಕೆ ಬೇರೆ ಕಾರಣವಿತ್ತು. ಅಮ್ಮನ ಮೊಣಕಾಲು. ಊರಿನ ಅರ್ಧ ಹೆಂಗಸರ ರವಿಕೆ ಹೊಲಿದ ಕಾಲು ಅವು, ಮಿಷನ್ ತುಳಿದು ತುಳಿದು ಸವೆದಿದ್ದವು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಶಿವಮೊಗ್ಗದ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುತ್ತೇವೆಂದು ದಿನ ಕೊಟ್ಟಿದ್ದರು. ನಮ್ಮದು ಬಿಪಿಎಲ್ ಕಾರ್ಡು, ಹಾಗಾಗಿ ಖರ್ಚು ಸರ್ಕಾರದ್ದು. ಕಾರ್ಡಿಲ್ಲದಿದ್ದರೆ ಅಪ್ಪ ಸುತ್ತಿದ ತಂತಿಯನ್ನೆಲ್ಲ ಬಿಚ್ಚಿ ಮಾರಿದರೂ ಒಂದು ಮೊಣಕಾಲಿಗೆ ಸಾಲದು. ಅಮ್ಮ ಆಗಲೇ ಆಸ್ಪತ್ರೆಗೆ ಒಯ್ಯುವ ಚೀಲ ಸಿದ್ಧ ಮಾಡಿ, ಬಾಗಿಲ ಹಿಂದೆ ತೂಗುಹಾಕಿದ್ದಳು.

ಆ ಹೊತ್ತಿಗೆ ಸರಿಯಾಗಿ ರೇಷನ್ ಅಂಗಡಿಯ ಯಂತ್ರ ಅಮ್ಮನ ಹೆಬ್ಬೆಟ್ಟು ತಗೊಳ್ಳಲಿಲ್ಲ. ಬೆರಳು ಸವೆದಿದೆಯೆಂದು ಒರೆಸಿ ಒರೆಸಿ ಒತ್ತಿದರು. ಬೆರಳಿಗೇನೂ ಆಗಿರಲಿಲ್ಲ. ಕಾರ್ಡೇ ರದ್ದಾಗಿತ್ತು. ಮರುದಿನ ರಜೆ ಹಾಕಿ ಅಮ್ಮನ ಜೊತೆ ಕಾರ್ಡಿನ ಕಚೇರಿಗೆ ಹೋದೆ. ಕಂಪ್ಯೂಟರ್ ಮುಂದೆ ಕೂತಿದ್ದ ಹೆಂಗಸು ಪರದೆ ನೋಡಿದರು, ನನ್ನ ಚಪ್ಪಲಿ ನೋಡಿದರು, ಮತ್ತೆ ಪರದೆ ನೋಡಿದರು.

"ಏನ್ರೀ, ಅಡಿಕೆ ವ್ಯಾಪಾರ ಇಟ್ಕಂಡು ಪುಕ್ಕಟೆ ಅಕ್ಕಿಗೆ ಬರ್ತೀರಲ್ರೀ?"

"ಯಾರ ವ್ಯಾಪಾರ ಮೇಡಂ?"

"ನಿಮ್ದೇ ರೀ. ರೇಖಾ ಟ್ರೇಡರ್ಸ್, ಸೊರಬ. ಲೋಡುಗಟ್ಲೆ ಅಡಿಕೆ ಹೋಗೇತಿ ನಿಮ್ಮ ಬಿಲ್ಲಿನಾಗ. ಜಿಎಸ್‌ಟಿ ನಂಬರ್ ಇದ್ದೋರಿಗೆ ಬಿಪಿಎಲ್ ಬರಂಗಿಲ್ಲ."

ರೇಖಾ ನಾನೇ. ಆದರೆ ಅಡಿಕೆಯನ್ನು ನಾನು ಕಂಡದ್ದು ತಾಂಬೂಲದ ತಟ್ಟೆಯಲ್ಲಿ. ಪರದೆ ತಿರುಗಿಸಿ ತೋರಿಸಿದರು. ಕೆನ್ನೆಯ ಪಕ್ಕ ಆಧಾರ್ ಕಾರ್ಡು ಹಿಡಿದುಕೊಂಡು ನಾನೇ ನಗುತ್ತಿದ್ದೆ. ಎರಡನೆಯ ಸಲ ತೆಗೆದ ಫೋಟೋ, ಕಾರ್ಡು ಒಂದಿಷ್ಟೂ ಓರೆ ಇಲ್ಲ. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು.

"ಯವ್ವಾ, ನಂಗೂ ಹೇಳ್ದಂಗ ಅಂಗಡಿ ಇಟ್ಟೀಯೇನ?"

ಕಳ್ಳನ ಮೇಲಿನ ಸಿಟ್ಟು ಒಂದು ದಿನ ಇಳಿದೀತು. ಈ ಪ್ರಶ್ನೆಯ ಮೇಲಿನದು ಇಳಿಯುತ್ತದೆಂದು ತೋರುವುದಿಲ್ಲ. ಅಪ್ಪನದು ಇನ್ನೊಂದು ಥರ. ರಾತ್ರಿ ಊಟಕ್ಕೆ ಕೂತಾಗ ಎಲ್ಲ ಕೇಳಿ, ಸಾರು ಕಲಸುತ್ತ ಹೇಳಿದರು: "ಹೆಸರು ಚಲೋ ಐತಿ ಬಿಡು. ರೇಖಾ ಟ್ರೇಡರ್ಸ್. ನಾ ಒಂದು ಬೋರ್ಡ್ ಹಾಕ್ಸಬೇಕು ಅಂತ ನೀ ಹುಟ್ಟಾಗಿಂದ ಅಂದ್ಕಂತೀನಿ, ಆಗಿಲ್ಲ. ಅವ್ನ್ಯಾರೋ ಕೂತಲ್ಲೇ ಮಾಡಿಬಿಟ್ಟ ನೋಡು."

ನನ್ನ ಅಂಗಡಿಯನ್ನು ನಾನೊಮ್ಮೆ ನೋಡಬೇಕಲ್ಲ? ಕಾರ್ಡಿನ ಕಚೇರಿಯಲ್ಲಿ ಬರೆದುಕೊಂಡಿದ್ದ ವಿಳಾಸ ಹಿಡಿದು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಸಲ್ಮಾಳನ್ನು ಕರೆದುಕೊಂಡು ಹೊರಟೆ. ಅವಳು ಆಗಲೇ ನನಗೆ ಸೇಠಾಣಿ ಎಂದು ಹೆಸರಿಟ್ಟಿದ್ದಳು. "ನಡಿ ಸೇಠಾಣಿ, ಗೋಡೌನ್ ತೋರಿಸು. ಒಂದು ಮೂಟೆ ನಮ್ಮನೆಗೂ ಇರ್ಲಿ." ವಿಳಾಸದಲ್ಲಿದ್ದದ್ದು ಒಂದು ಪಂಕ್ಚರ್ ಅಂಗಡಿ. ಅದರ ಯಜಮಾನ ಬಕೆಟ್ಟಿನ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದವರು, ಹೆಸರು ಕೇಳಿ ಎದ್ದೇ ನಿಂತರು.

"ಓಹೋ, ನೀವೇನಾ ರೇಖಾ ಮೇಡಂ! ಟ್ಯಾಕ್ಸ್ ಆಫೀಸಿನೋರು ಎರಡು ಸಲ ಬಂದು ಕೇಳ್ಕೊಂಡು ಹೋದ್ರು ಕಣ್ರೀ. ನಾ ಹೇಳ್ದೆ, ದೊಡ್ಡೋರು, ಇಲ್ಲಿಗೆಲ್ಲ ಬರಲ್ಲ ಅಂತ."

"ಅಯ್ಯೋ, ನನ್ನ ಅಂಗಡಿ ಅಲ್ಲ ಇದು. ಯಾರೋ ನನ್ನ ಹೆಸರು ಕದ್ದು ನಿಮ್ಮ ವಿಳಾಸ ಕೊಟ್ಟಿದ್ದಾರೆ."

ಅವರು ಗಂಭೀರವಾಗಿ ತಲೆ ಆಡಿಸಿದರು. ಆಮೇಲೆ ದನಿ ತಗ್ಗಿಸಿ, "ಹಂಗೇ ಹೇಳ್ಬೇಕು ಬಿಡಿ. ನಂಗೆ ಅರ್ಥ ಆಗುತ್ತೆ. ನಮ್ಮ ಅಳಿಯ ಒಬ್ಬ ಮನೇಲೇ ಕೂತಿದಾನೆ, ಲೆಕ್ಕ ಬರಿಯೋಕೆ ಆಗ್ತಾನೆ, ಎಲ್ಲಾದ್ರೂ ಹಾಕ್ಕೊಳಿ," ಅಂದರು. ದಾರಿಯುದ್ದಕ್ಕೂ ಸಲ್ಮಾ ನಕ್ಕಳು. ನಾನು ದಿನಚರಿಯಲ್ಲಿ 'ನನ್ನನ್ನು ನಂಬದವರು' ಎಂದು ಹೊಸ ಪುಟ ತೆರೆದೆ. ಮೊದಲ ಗೆರೆ ಅಮ್ಮನದು, ಎರಡನೆಯದು ಪಂಕ್ಚರ್ ಅಂಗಡಿಯವರದು.

ಸೊರಬ ಸಣ್ಣ ಊರು. ಸಂಜೆಯೊಳಗೆ ಸುದ್ದಿ ಅತ್ತೆಯ ಮನೆ ಮುಟ್ಟಿತ್ತು. ಲಿಂಕ್ ಕಳಿಸಿದ್ದು ತಾನೇ ಎಂಬುದನ್ನು ಅತ್ತೆ ಮರೆತಿದ್ದಳು. ಆ ವಾರವೇ ಒಂದು ಸಂಬಂಧ ಹಿಡಿದುಕೊಂಡು ಶಿಕಾರಿಪುರಕ್ಕೆ ಬಂದಳು. ಹೊಸ ಸಂಬಂಧವಲ್ಲ. ಹಿಂದೊಮ್ಮೆ ಬಂದು, ಮೂಲಾ ನಕ್ಷತ್ರವೆಂದು ತಿಳಿದು, ಕೈಯಲ್ಲಿದ್ದ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟು ಹೋದವರು. ಈಗ ಹುಡುಗನ ತಾಯಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಬೆನ್ನು ಸವರಿದರು.

"ಎಷ್ಟು ಸರಳ ನೋಡಿ! ಇಷ್ಟೆಲ್ಲ ಇದ್ರೂ ಬಸ್ಸಲ್ಲೇ ಓಡಾಡ್ತಾಳೆ."

ಅಮ್ಮ ಮೆಲ್ಲಗೆ ನಕ್ಷತ್ರದ ಮಾತೆತ್ತಿದಳು. ಹುಡುಗನ ತಂದೆ, ಅಂದರೆ ಶಾಸ್ತ್ರಪ್ರಕಾರ ನನ್ನಿಂದ ಸಾಯಬೇಕಾದವರು, ಕೈ ಅಡ್ಡ ಮಾಡಿದರು. "ಬಿಡಿ ತಾಯಿ, ನಂಗೂ ವಯಸ್ಸಾತು. ನನ್ನ ಒಬ್ಬನ ಆಯಸ್ಸಿಗೋಸ್ಕರ ಹುಡುಗರ ಭವಿಷ್ಯ ಯಾಕೆ ಹಾಳು ಮಾಡೋದು? ಅದೂ ಅಲ್ದೆ, ಮೂಲಾ ವ್ಯಾಪಾರಕ್ಕೆ ಬಾಳ ಒಳ್ಳೇದಂತೆ."

ಒಬ್ಬ ಮನುಷ್ಯ ಅಡಿಕೆಗಾಗಿ ಸಾಯಲು ಇಷ್ಟು ನಗುನಗುತ್ತ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ವ್ಯಾಪಾರ ನನ್ನದಲ್ಲ, ಯಾರೋ ಮೋಸಗಾರ ನನ್ನ ದಾಖಲೆ ಹಾಕಿ ಮಾಡಿದ್ದು ಎಂದು ಹೇಳಿದೆ. ತಾಯಿ ನಕ್ಕರು. "ಹೌದೌದು, ನಮ್ಮ ಭಾವನೋರು ಹಂಗೇ ಹೇಳೋದು, ಟ್ಯಾಕ್ಸ್ ಆಫೀಸಿನೋರಿಗೆ." ಕಡೆಗೆ ಕಾರ್ಡು ರದ್ದಾದ ಕಾಗದ ತೋರಿಸಿದೆ, ಅಮ್ಮನ ಆಪರೇಷನ್ ನಿಂತಿರುವುದನ್ನು ಹೇಳಿದೆ. ಆಗ ಅವರ ಮುಖ ಬದಲಾದಷ್ಟು ಬೇಗ ಸುಳ್ಳು ಕೇಳಿದವರ ಮುಖವೂ ಬದಲಾಗುವುದಿಲ್ಲ. ಈ ಸಲ ಅವಲಕ್ಕಿಯನ್ನೂ ಮುಗಿಸಲಿಲ್ಲ. ಹುಡುಗನ ತಂದೆ ಮೆಟ್ಟಿಲನ್ನು ಎರಡೆರಡಾಗಿ ಇಳಿದುಹೋದರು, ಹೊಸದಾಗಿ ಬದುಕುವ ಆಸೆ ಬಂದವರಂತೆ. ಅತ್ತೆ ಮಾತ್ರ ಹಿಂದೆ ಉಳಿದು ನನ್ನನ್ನು ಬೈದಳು. "ನಿಜ ಹೇಳೋಕೆ ಒಂದು ಹೊತ್ತು ಗೊತ್ತು ಇಲ್ವಾ ನಿಂಗೆ?"

ದೂರು ಕೊಡಲಿಲ್ಲವೇ ಎಂದು ನೀವು ಕೇಳುತ್ತೀರಿ. ಕೊಟ್ಟೆ. ದೂರನ್ನೂ ಆನ್‌ಲೈನಿನಲ್ಲೇ ಕೊಡಬೇಕು. ಆಧಾರ್, ಪ್ಯಾನ್, ಕರೆಂಟ್ ಬಿಲ್ಲು, ಸಹಿ, ಮುಖದ ಫೋಟೋ. ಕಳ್ಳನಿಗೆ ಕೊಟ್ಟದ್ದನ್ನೇ ಅದೇ ಕ್ರಮದಲ್ಲಿ ಕೇಳಿದರು. ಕಳ್ಳ ಇಷ್ಟವಿದ್ದರೆ ಅಂದಿದ್ದ, ಇಲ್ಲಿ ಎಲ್ಲಕ್ಕೂ ನಕ್ಷತ್ರ ಇತ್ತು, ಅಷ್ಟೇ ವ್ಯತ್ಯಾಸ. ಫೋನಿಗೆ ಸಂಖ್ಯೆ ಬಂದಾಗ ಈ ಸಲ ಯಾರಿಗೂ ಓದಿ ಹೇಳದೆ ನಾನೇ ತುಂಬಿದೆ. ಕೆಲವು ದಿನದ ನಂತರ ತೆರಿಗೆಯವರ ಕಡೆಯಿಂದ ಒಬ್ಬರು ಫೋನ್ ಮಾಡಿದರು.

"ವ್ಯಾಪಾರ ನಿಮ್ಮದಲ್ಲ ಅನ್ನೋದಕ್ಕೆ ಪ್ರೂಫ್ ಏನಿದೆ?"

"ಇಲ್ಲದ್ದಕ್ಕೆ ಪ್ರೂಫ್ ಎಲ್ಲಿಂದ ತರ್ಲಿ ಸರ್?"

"ಇದೆ ಅನ್ನೋದಕ್ಕೆ ಇದೆಯಲ್ಲಮ್ಮ. ಫೋಟೋ ಇದೆ, ಸಹಿ ಇದೆ. ಒಂದು ಕಾಲಂ ಖಾಲಿ ಬಿಟ್ಟಿಲ್ಲ. ನಿಜವಾದ ವ್ಯಾಪಾರಿಗಳೂ ಇಷ್ಟು ನೀಟಾಗಿ ಕೊಟ್ಟಿರಲ್ಲ ನೋಡಿ."

ನನ್ನ ಅಚ್ಚುಕಟ್ಟನ್ನು ಹೊಗಳಿದ ಎರಡನೆಯ ಗಂಡಸು. ವಿಚಾರಣೆ ಮಾಡುತ್ತೇವೆ, ಸಮಯ ಹಿಡಿಯುತ್ತದೆ ಅಂದರು. ಆ ದೂರಿನ ಸ್ಥಿತಿಯನ್ನು ನಾನು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ತೆಗೆದು ನೋಡುತ್ತೇನೆ. 'ಪರಿಶೀಲನೆಯಲ್ಲಿದೆ' ಎಂದು ಬರುತ್ತದೆ. ಅದಕ್ಕೂ ಒಂದು ಬೇಲಿ ಎದ್ದಿದೆ.

ಆದರೆ ಮೊಣಕಾಲು ಪರಿಶೀಲನೆಗೆ ಕಾಯುವುದಿಲ್ಲ. ಆಪರೇಷನ್ನಿಗೆ ಕೊಟ್ಟ ದಿನ ಹತ್ತಿರ ಬಂತು. ಬಾಗಿಲ ಹಿಂದಿನ ಚೀಲವನ್ನು ಅಮ್ಮ ದಿನಾ ಒಮ್ಮೆ ಕೆಳಗಿಳಿಸಿ, ಒಳಗಿನ ಸೀರೆಯನ್ನು ಮತ್ತೆ ಮಡಚಿ, ಮತ್ತೆ ತೂಗುಹಾಕುತ್ತಿದ್ದಳು. ಮತ್ತೊಮ್ಮೆ ಕಾರ್ಡಿನ ಕಚೇರಿಗೆ ಹೋದೆವು. ಆ ಹೆಂಗಸು ಕೆಟ್ಟವರೇನಲ್ಲ. ಅಮ್ಮ ಮೆಟ್ಟಿಲು ಹತ್ತುವುದನ್ನು ಕಿಟಕಿಯಿಂದಲೇ ನೋಡಿದ್ದರು. ಕುರ್ಚಿ ಎಳೆದು ಕೂರಿಸಿ, ನನ್ನ ಕಡೆ ತಿರುಗಿದರು.

"ಒಂದು ದಾರಿ ಐತಿ ನೋಡ್ರಿ. ತೊಂದ್ರಿ ಇರೋದು ನಿಮ್ಮ ಒಬ್ಬರ ಹೆಸ್ರಿಂದ. ಕಾರ್ಡಿನಾಗಿಂದ ನಿಮ್ಮ ಹೆಸ್ರು ತಗದ್ರ ಅಪ್ಪ ಅಮ್ಮಂದು ಇವತ್ತೇ ಚಾಲೂ ಆಗ್ತೈತಿ."

"ತೆಗೀರಿ ಮೇಡಂ," ಅಂದೆ. ಹೇಳುವಾಗ ಏನೂ ಅನ್ನಿಸಲಿಲ್ಲ.

"ಕಾರಣ ಹಾಕ್ಬೇಕ್ರೀ. ಮೂರೇ ಇರೋದು. ಮರಣ, ಮದುವೆ, ಪ್ರತ್ಯೇಕ ವಾಸ."

ಕಳವು ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ಅಮ್ಮ ಕುರ್ಚಿಯಿಂದಲೇ, "ಮದುವಿ ಅಂತ ಹಾಕ್ರೀ, ಶಕುನನಾದ್ರೂ ಚಲೋ ಇರ್ತೈತಿ," ಅಂದಳು. ಅದಕ್ಕೆ ಗಂಡನ ಆಧಾರ್ ಬೇಕಂತೆ. ಮರಣಕ್ಕೆ ಸರ್ಟಿಫಿಕೇಟು ಬೇಕಂತೆ. ಪ್ರತ್ಯೇಕ ವಾಸಕ್ಕೆ ಬೇರೆ ವಿಳಾಸ ಸಾಕು. ಬೇರೆ ವಿಳಾಸ ನನಗೆಲ್ಲಿಂದ ಬರಬೇಕು ಎಂದು ಕೇಳುವ ಮೊದಲೇ ಅವರು ಪರದೆ ನೋಡಿ ಮುಖ ಅರಳಿಸಿದರು. "ಏ, ಆಗ್ಲೇ ಬಂದೈತಲ್ರೀ! ಸೊರಬದಾಗ ಅದೀರಿ ನೀವು."

"ಅದು ಕಳ್ಳ ಕೊಟ್ಟ ವಿಳಾಸ ಮೇಡಂ. ಪಂಕ್ಚರ್ ಅಂಗಡಿ. ನಾನು ಅಲ್ಲಿಲ್ಲ."

"ನೀವು ಇನ್ನ ಇಲ್ಲೂ ಇರಂಗಿಲ್ಲಲ್ರೀ," ಅಂದರು ಅವರು. ಕುಹಕವಾಗಿ ಹೇಳಿದ್ದಲ್ಲ. ತಿಳಿಸಿ ಹೇಳಿದ್ದು.

ಅಮ್ಮ ಹೆಬ್ಬೆಟ್ಟು ಒತ್ತಬೇಕಿತ್ತು. ಮೊದಲ ಸಲ ತಗೊಳ್ಳಲಿಲ್ಲ. ಅವಳು ಬೆರಳನ್ನು ಸೆರಗಿಗೆ ಒರೆಸಿ, ನನ್ನ ಮುಖ ನೋಡದೆ, ಜೋರಾಗಿ ಒತ್ತಿದಳು. ಕಂಪ್ಯೂಟರ್ ಕುಂಯ್ ಎಂದಿತು. ಅಷ್ಟೇ. ಯಾರೋ ಗೊತ್ತಿಲ್ಲದವನು ನನ್ನನ್ನು ಕದ್ದದ್ದಕ್ಕಿಂತ, ಗೊತ್ತಿದ್ದವರೆಲ್ಲ ಸೇರಿ ನನ್ನನ್ನು ಅಳಿಸಿದ್ದು ಬಹಳ ಬೇಗ ಮುಗಿಯಿತು. ಅಮ್ಮನ ಜೊತೆ ಆಟೋದಲ್ಲಿ ವಾಪಸು ಹೊರಟೆ. ಮನೆ ಹತ್ತಿರ ಬಂದಾಗ, "ನಿನ್ನ ಪಾಲಿನ ಅಕ್ಕಿ ಬರಂಗಿಲ್ಲ ಇನ್ನ. ರಾತ್ರಿ ಅನ್ನ ಕಮ್ಮಿ ಉಣ್ಣು," ಅಂದಳು. ಅಂದು ರಾತ್ರಿ ತಟ್ಟೆಗೆ ಮೂರು ಸಲ ಬಡಿಸಿದಳು.

ಆಸ್ಪತ್ರೆಗೆ ಹೋದ ದಿನ ಎಲ್ಲ ಸರಾಗವಾಯಿತು. ಕಾರ್ಡಿಗೆ ಯಂತ್ರ ಒಪ್ಪಿಗೆ ಕೊಟ್ಟಿತು. ಅಪ್ಪ ಹಣ್ಣು ತರಲು ಹೊರಗೆ ಹೋಗಿದ್ದರು. ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಾನು ಕೌಂಟರ್ ಮುಂದೆ ನಿಂತಿದ್ದೆ. ಒಳಗಿದ್ದ ಹುಡುಗಿ ಪರದೆ ನೋಡುತ್ತ, "ಜೊತೆಗೆ ಇರೋರು ಯಾರು? ಮಗಳಾ? ಕಾರ್ಡಲ್ಲಿ ಮಕ್ಕಳೇ ಇಲ್ವಲ್ಲ," ಅಂದಳು.

ನಾನು ವಿವರಿಸೋಣವೆಂದು ಉಸಿರು ತೆಗೆದುಕೊಂಡೆ. ಅಮ್ಮ ನನಗಿಂತ ಚುರುಕು. "ಮಗಳಲ್ರೀ," ಅಂದಳು, ಕಣ್ಣು ಮಿಟುಕಿಸದೆ. "ಬಾಜೂ ಮನಿ ಹುಡುಗಿ. ಬಾಳ ಒಳ್ಳೇಕಿ." ಆಮೇಲೆ ಗಾಲಿಕುರ್ಚಿಯ ಹಿಡಿಯ ಮೇಲಿದ್ದ ನನ್ನ ಕೈಯನ್ನು ಹಿಂದಕ್ಕೆ ಕೈಚಾಚಿ ಹುಡುಕಿ ಹಿಡಿದುಕೊಂಡಳು. ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಹುಡುಗಿ ಕೊಟ್ಟ ಅರ್ಜಿಯನ್ನು ನಾನು ಒಂದೇ ಕೈಯಲ್ಲಿ ತುಂಬಬೇಕಾಯಿತು.

ರೋಗಿಯೊಂದಿಗೆ ಸಂಬಂಧ ಎಂಬ ಕಾಲಮ್ಮಿಗೆ ಕೆಂಪು ನಕ್ಷತ್ರ ಇತ್ತು. 'ಪರಿಚಿತರು' ಎಂದು ಬರೆದೆ. ಅದರ ಕೆಳಗೆ ನನ್ನ ಜನ್ಮದಿನಾಂಕ, ಇಮೇಲ್, ಆಧಾರ್ ನಂಬರ್ ಕೇಳಿದ್ದರು. ಯಾವುದಕ್ಕೂ ನಕ್ಷತ್ರ ಇರಲಿಲ್ಲ. ಬಿಡಬಹುದಿತ್ತು. ಪೆನ್ನು ಎತ್ತಿ ಸ್ವಲ್ಪ ಹೊತ್ತು ನೋಡಿದೆ. ಪುಟದ ಮಧ್ಯೆ ಮೂರು ಸಾಲು ಖಾಲಿ, ನೋಡಲಿಕ್ಕೆ ಚೆನ್ನಾಗಿರಲಿಲ್ಲ.

ತುಂಬಿದೆ.